ಲೈಕು ದೇಣಿಗೆಯಾಗುವುದು ಹೇಗೆ?

ಪ್ರಶ್ನೆ: ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಬಳಗದಲ್ಲಿ ಇನ್ನೂರು ಜನರಿದ್ದೇವೆ. ನವೆಂಬರ್ ಬಂತೆಂದರೆ ಮಕ್ಕಳ ಮೇಲಿನ ದೌರ್ಜನ್ಯ ತಡೆಯೋಣ ಎಂದು ಎಲ್ಲರೂ ಡಿಪಿ ಬದಲಿಸುತ್ತಾರೆ, ಸ್ಟೇಟಸ್ ಹಾಕುತ್ತಾರೆ. ವಾರ ಕಳೆಯುವಷ್ಟರಲ್ಲಿ ಎಲ್ಲ ತಣ್ಣಗಾಗುತ್ತದೆ. ಇದರಿಂದ ಯಾವ ಮಗುವಿಗಾದರೂ ಒಂದು ರೂಪಾಯಿ ತಲುಪಿದ್ದುಂಟೇ? ಈ ಉತ್ಸಾಹವನ್ನು ನಿಜವಾದ ದೇಣಿಗೆಯಾಗಿಸುವ ದಾರಿ ಇದೆಯೇ? ಅಥವಾ ಇಂಥ ಪೋಸ್ಟುಗಳನ್ನೇ ಬಿಟ್ಟುಬಿಡಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಡಿಪಿ ಬದಲಿಸಿದ ಮಾತ್ರಕ್ಕೆ ಒಂದು ರೂಪಾಯಿಯೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಡಿಪಿ ಬದಲಿಸಿದ ನಿಮ್ಮ ಬಳಗದವರಿಗೆ ಕೊಡುವ ಮನಸ್ಸಿಲ್ಲ ಎಂದು ನಾನು ಹೇಳುವುದಿಲ್ಲ. ಮನಸ್ಸು ಇರುತ್ತದೆ. ಆ ಮನಸ್ಸು ಎದ್ದ ಗಳಿಗೆಯಲ್ಲಿ ಯಾರಿಗೆ, ಎಷ್ಟು, ಹೇಗೆ ಕೊಡಬೇಕು ಎಂಬುದು ಕಣ್ಣೆದುರು ಇರುವುದಿಲ್ಲ. ಇಡೀ ಸಮಸ್ಯೆ ಇರುವುದು ಅಲ್ಲಿ. ಕಾವಲಿ ಕಾದಾಗಲೇ ದೋಸೆ ಹೊಯ್ಯಬೇಕಲ್ಲವೇ? ನಾವು ಕಾವಲಿ ಕಾಯಿಸಿ ಎದ್ದು ಹೋಗುತ್ತಿದ್ದೇವೆ.

ನೀವು ಹೇಳಿದಂಥದ್ದೇ ಒಂದು ಅಲೆ 2010ರ ಕೊನೆಯಲ್ಲಿ ಫೇಸ್‌ಬುಕ್ಕಿನಲ್ಲಿ ಎದ್ದಿತ್ತು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಚಿಕ್ಕಂದಿನಲ್ಲಿ ನೋಡಿದ ಕಾರ್ಟೂನಿನ ಪಾತ್ರವೊಂದನ್ನು ಪ್ರೊಫೈಲ್ ಚಿತ್ರವಾಗಿ ಹಾಕಿ, ಡಿಸೆಂಬರ್ 6ರ ಸೋಮವಾರದವರೆಗೆ ಫೇಸ್‌ಬುಕ್ಕಿನಲ್ಲಿ ಮನುಷ್ಯರ ಮುಖವೇ ಕಾಣಬಾರದು, ಇದು ಮಕ್ಕಳ ಮೇಲಿನ ದೌರ್ಜನ್ಯದ ವಿರುದ್ಧದ ಹೋರಾಟ ಎಂಬ ಸಂದೇಶ ದೇಶ ದೇಶ ಸುತ್ತಿತು. ಶುರುವಾದಾಗ ಅದಕ್ಕೂ ದೌರ್ಜನ್ಯಕ್ಕೂ ಸಂಬಂಧವೇ ಇರಲಿಲ್ಲ. ನವೆಂಬರಿನಲ್ಲಿ ಗ್ರೀಸ್, ಸೈಪ್ರಸ್ ಕಡೆಯವರು ಬಾಲ್ಯದ ನೆನಪಿಗೆಂದು ಆಡಿದ ಆಟ ಅದು. ಇಂಗ್ಲಿಷಿಗೆ ಬರುವಾಗ ಯಾರೋ ಒಂದು ಘನ ಉದ್ದೇಶವನ್ನು ಅದಕ್ಕೆ ಅಂಟಿಸಿದರು. ಹೀಗೆ ಹರಿದಾಡಿದ ಹೆಚ್ಚಿನ ಸಂದೇಶಗಳಲ್ಲಿ ಒಂದು ಸಂಸ್ಥೆಯ ಹೆಸರಿಲ್ಲ, ಖಾತೆಯ ವಿವರವಿಲ್ಲ, ಕಷ್ಟದಲ್ಲಿರುವ ಮಗುವೊಂದು ಕರೆ ಮಾಡಬಹುದಾದ ದೂರವಾಣಿ ಸಂಖ್ಯೆಯೂ ಇಲ್ಲ. ಬ್ರಿಟನ್ನಿನಲ್ಲಿ 1884ರಿಂದ ಮಕ್ಕಳ ರಕ್ಷಣೆಯ ಕೆಲಸ ಮಾಡುತ್ತ ಬಂದಿರುವ ಎನ್‌ಎಸ್‌ಪಿಸಿಸಿ, ಇದನ್ನು ತಾನು ಶುರುಮಾಡಿದ್ದಲ್ಲ, ಆದರೂ ತನ್ನ ಕೆಲಸದತ್ತ ಜನರ ಗಮನ ಹರಿದದ್ದು ಸಂತೋಷ ಎಂದಿತು. ಅಷ್ಟರಲ್ಲಿ ಇನ್ನೊಂದು ಗಾಳಿಸುದ್ದಿ ಎದ್ದಿತು: ಇದರ ಹಿಂದೆ ಇರುವವರು ಮಕ್ಕಳನ್ನು ಪೀಡಿಸುವವರೇ, ಕಾರ್ಟೂನು ತೋರಿಸಿ ಮಕ್ಕಳನ್ನು ಸೆಳೆಯುತ್ತಿದ್ದಾರೆ ಎಂದು. ಅದಕ್ಕೆ ಆಧಾರವಿರಲಿಲ್ಲ. ಆದರೂ ಜನ ಗಾಬರಿಯಿಂದ ಚಿತ್ರ ತೆಗೆದರು. ಹೇಳುವವರು ಕೇಳುವವರು ಇಲ್ಲದ ಅಭಿಯಾನ ಹೀಗೆ ಯಾರ ಕೈಗಾದರೂ ಸಿಗುತ್ತದೆ.

ಮಕ್ಕಳ ವಿಷಯವಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಒಂದು ಲೆಕ್ಕವಿದೆ. ಸುಡಾನಿನ ಡಾರ್ಫುರ್ ಸಂತ್ರಸ್ತರಿಗಾಗಿ ಫೇಸ್‌ಬುಕ್ಕಿನಲ್ಲಿ ಒಂದು ಬಳಗ ಕಟ್ಟಿದರು. ಸುಮಾರು 12 ಲಕ್ಷ ಜನ ಸೇರಿದರು. ಸಂಶೋಧಕರು ಆ ಬಳಗದ ದಾಖಲೆಗಳನ್ನೇ ಕೂತು ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಷ್ಟು ಜನರಿಂದ ಸಂಗ್ರಹವಾದದ್ದು ಒಂದು ಲಕ್ಷ ಡಾಲರಿನ ಒಳಗೆ. ನೂರಕ್ಕೆ 99ಕ್ಕಿಂತ ಹೆಚ್ಚು ಸದಸ್ಯರು ಒಂದು ಡಾಲರನ್ನೂ ಕೊಡಲಿಲ್ಲ. ಅದೇ ಹೋರಾಟದವರು ಅಂಚೆಯಲ್ಲಿ ಕಾಗದ ಕಳಿಸಿ ಕೇಳಿದಾಗ ಒಂದೇ ವರ್ಷದಲ್ಲಿ ಹತ್ತು ಲಕ್ಷ ಡಾಲರಿನ ಮೇಲೆ ಬಂದಿತ್ತು. ಕಾಗದದಲ್ಲಿ ಏನಿರುತ್ತದೆ? ನಿಮ್ಮ ಹೆಸರು ಹಿಡಿದು ಕರೆದಿರುತ್ತಾರೆ, ಇಷ್ಟು ಕೊಡಿ ಎಂದು ಬಾಯಿಬಿಟ್ಟು ಕೇಳಿರುತ್ತಾರೆ, ಕಳಿಸುವ ವಿಳಾಸ ಇಟ್ಟಿರುತ್ತಾರೆ. ಬಳಗ ಸೇರುವುದಕ್ಕೆ ಇದ್ಯಾವುದೂ ಬೇಕಿರಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮವಾದದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಹೀಗಿದೆ. ಮಡಿದ ಸೈನಿಕರ ಸ್ಮರಣೆಗೆ ಅಲ್ಲಿನವರು ಅಂಗಿಯ ಮೇಲೆ ಕೆಂಪು ಗಸಗಸೆ ಹೂವಿನ ಬಿಲ್ಲೆ ಧರಿಸುತ್ತಾರೆ. ಕ್ಯಾಂಪಸ್ಸಿನಲ್ಲಿ ನಡೆದು ಹೋಗುತ್ತಿದ್ದ ಕೆಲವರ ಅಂಗಿಗೆ ಆ ಹೂವನ್ನು ಎಲ್ಲರಿಗೂ ಕಾಣುವಂತೆ ಚುಚ್ಚಿದರು. ಇನ್ನು ಕೆಲವರಿಗೆ ಲಕೋಟೆಯಲ್ಲಿ ಮುಚ್ಚಿ ಕೊಟ್ಟರು. ಹಜಾರದ ಆ ತುದಿಯಲ್ಲಿ ಇನ್ನೊಬ್ಬರು ನಿಂತು ನಿಜವಾದ ದೇಣಿಗೆ ಕೇಳಿದರು. ಲಕೋಟೆಯಲ್ಲಿ ಪಡೆದವರು ಹೆಚ್ಚು ಕೊಟ್ಟರು. ಎದೆಯ ಮೇಲೆ ಹೂ ಧರಿಸಿದವರಿಗೆ ತಾವು ಆಗಲೇ ಕರ್ತವ್ಯ ಮುಗಿಸಿದಂತೆ ಅನ್ನಿಸಿತ್ತು. ಒಳ್ಳೆಯವರೆಂದು ನಾಲ್ಕು ಜನ ನೋಡಿಯಾಯಿತಲ್ಲ! ಆದರೆ ಅದೇ ಸಂಶೋಧನೆ ಇನ್ನೊಂದನ್ನೂ ಹೇಳುತ್ತದೆ: ಈ ಕೆಲಸ ತನ್ನ ಮನಸ್ಸಿಗೆ ಯಾಕೆ ಹತ್ತಿರ, ತಾನು ನಂಬಿದ್ದಕ್ಕೂ ಇದಕ್ಕೂ ಏನು ಸಂಬಂಧ ಎಂದು ಒಂದು ಗಳಿಗೆ ಯೋಚಿಸಿದವರು ಎಲ್ಲರೆದುರು ಹೂ ಧರಿಸಿದ್ದರೂ ಮುಂದೆ ಕೊಡಲು ಹಿಂದೆಗೆಯಲಿಲ್ಲ. ನಿಮ್ಮ ಬಳಗಕ್ಕೆ ಇದು ತುಂಬ ಉಪಯೋಗದ ಮಾತು, ಮುಂದೆ ಹೇಳುತ್ತೇನೆ.

ಬರೀ ಮೆಚ್ಚುಗೆ ಸಾಲದು ಎಂಬುದನ್ನು 2013ರಲ್ಲಿ ಯುನಿಸೆಫ್‌ನ ಸ್ವೀಡನ್ ಘಟಕ ಮುಖಕ್ಕೆ ಹೊಡೆದಂತೆ ಹೇಳಿತು. ಫೇಸ್‌ಬುಕ್ಕಿನಲ್ಲಿ ನಮಗೆ ಲೈಕ್ ಒತ್ತಿದರೆ ನಾವು ಪೋಲಿಯೊ ಲಸಿಕೆ ಹಾಕುವ ಮಕ್ಕಳ ಸಂಖ್ಯೆ ಸೊನ್ನೆ ಎಂಬರ್ಥದ ಭಿತ್ತಿಪತ್ರ ಹಾಕಿದರು. ಜೊತೆಗೊಂದು ಕಿರುಚಿತ್ರ. ಅದರಲ್ಲಿ ಹತ್ತು ವರ್ಷದ ಹುಡುಗನ ಪಾತ್ರವೊಂದು, ತಾಯಿಯಂತೆ ತನಗೂ ಕಾಯಿಲೆ ಬಂದರೆ ತಮ್ಮನನ್ನು ನೋಡಿಕೊಳ್ಳುವವರು ಯಾರು ಎಂದು ಚಿಂತಿಸುತ್ತದೆ. ಮರುಕ್ಷಣ, ಯುನಿಸೆಫ್ ಸ್ವೀಡನ್ನಿಗೆ ಈಗ 1,77,000 ಲೈಕುಗಳಿವೆ, ಬೇಸಿಗೆಯ ಹೊತ್ತಿಗೆ ಎರಡು ಲಕ್ಷ ಆಗಬಹುದು, ಆಗ ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನಪಟ್ಟುಕೊಳ್ಳುತ್ತದೆ. ಮಕ್ಕಳ ಸಂಸ್ಥೆಯೊಂದು ತನ್ನನ್ನು ಮೆಚ್ಚಿದವರನ್ನೇ ಹೀಗೆ ಎದುರು ಹಾಕಿಕೊಳ್ಳಲು ಧೈರ್ಯ ಬೇಕು. ಮೆಚ್ಚಿದವರಿಗೆ ಹೇಳದೆ ಇನ್ನಾರಿಗೆ ಹೇಳಬೇಕು ಎಂದು ಅವರು ಯೋಚಿಸಿರಬೇಕು. ನನಗೆ ಅದು ಸರಿ ಎನಿಸುತ್ತದೆ.

ಹಾಗಾದರೆ ಅಲೆಯೊಂದು ಹಣವಾಗಿದ್ದೇ ಇಲ್ಲವೇ? ಆಗಿದೆ, ಅದೂ ದೊಡ್ಡ ಮೊತ್ತದಲ್ಲಿ. 2014ರ ಮಾರ್ಚಿನಲ್ಲಿ ಬ್ರಿಟನ್ನಿನ ಹೆಣ್ಣುಮಕ್ಕಳು ಮೇಕಪ್ ಇಲ್ಲದ ಸೆಲ್ಫಿ ಹಾಕಿ, ಕ್ಯಾನ್ಸರ್ ಜಾಗೃತಿಗಾಗಿ ಎಂದು ಬರೆದು, ಗೆಳತಿಯರನ್ನೂ ಹಾಗೇ ಮಾಡುವಂತೆ ಕರೆಯತೊಡಗಿದರು. ಇದನ್ನೂ ಯಾವ ಸಂಸ್ಥೆಯೂ ಶುರುಮಾಡಿರಲಿಲ್ಲ. ಸೆಲ್ಫಿಗೂ ಕ್ಯಾನ್ಸರಿಗೂ ಏನು ಸಂಬಂಧ ಎಂದು ಜನ ಕೇಳುತ್ತಲೂ ಇದ್ದರು. ಕಾರ್ಟೂನ್ ಅಲೆಯಂತೆ ಇದೂ ಕರಗಿಹೋಗಬೇಕಿತ್ತು. ಆದರೆ ಕ್ಯಾನ್ಸರ್ ರಿಸರ್ಚ್ ಯುಕೆ ಸಂಸ್ಥೆಯವರು ಸುಮ್ಮನೆ ಕೂರಲಿಲ್ಲ. ಇದು ನಮ್ಮದಲ್ಲ, ಆದರೆ ನೀವು ಕೈಜೋಡಿಸಲು ಬಯಸಿದರೆ ಹೀಗೆ ಮಾಡಿ ಎಂದು ತಕ್ಷಣ ಒಂದು ಸಾಲು ಹಾಕಿದರು: ‘ಬೀಟ್’ ಎಂಬ ಒಂದು ಪದವನ್ನು 70099 ಸಂಖ್ಯೆಗೆ ಎಸ್‌ಎಂಎಸ್ ಮಾಡಿ, ಮೂರು ಪೌಂಡ್ ಹೋಗುತ್ತದೆ. ಸೆಲ್ಫಿ ಹಾಕುವವರು ಅದರ ಕೆಳಗೆ ಈ ಸಾಲನ್ನೂ ಹಾಕತೊಡಗಿದರು. ಆರು ದಿನಗಳಲ್ಲಿ 80 ಲಕ್ಷ ಪೌಂಡ್ ಬಂತು.

ಈ ಕಥೆಯ ಒಂದು ಸಣ್ಣ ತುಣುಕು ನನಗೆ ಮೊತ್ತಕ್ಕಿಂತ ಮುಖ್ಯ. ಕೆಲವರ ಫೋನು ‘ಬೀಟ್’ ಎಂಬುದನ್ನು ತಾನೇ ತಿದ್ದಿ ‘ಬೇರ್’ ಎಂದು ಮಾಡಿತು; ಅವರಿಗೆ ಹಿಮಕರಡಿಯನ್ನು ದತ್ತು ಪಡೆಯಲು ಆಸಕ್ತಿ ತೋರಿದ್ದಕ್ಕೆ ಧನ್ಯವಾದ ಎಂಬ ಉತ್ತರ ವನ್ಯಜೀವಿ ಸಂಸ್ಥೆಯಿಂದ ಬಂತು. ಇನ್ನು ಕೆಲವರು ‘ಬೀಟ್’ ಬದಲು ‘ಡೊನೇಟ್’ ಎಂದು ಕಳಿಸಿದರು. ಆ ಹಣ ಮಕ್ಕಳ ಸಂಸ್ಥೆಯಾದ ಯುನಿಸೆಫ್‌ಗೆ ಹೋಯಿತು. ಹಾಗೆ ಹೋದದ್ದು 18 ಸಾವಿರ ಪೌಂಡಿಗೂ ಹೆಚ್ಚು. ಅದನ್ನು ಸರಿಯಾದ ಕಡೆಗೆ ತಲುಪಿಸಲು ಯುನಿಸೆಫ್ ಮುಂದಾಯಿತು. ಕೈ ತಪ್ಪಿ ಒತ್ತಿದ ಪದವೊಂದೇ ಇಷ್ಟು ದುಡ್ಡನ್ನು ಬೇರೆ ಕಡೆ ಒಯ್ಯುವುದಾದರೆ, ಪದವೂ ಸಂಖ್ಯೆಯೂ ಇಲ್ಲದ ನಮ್ಮ ಸ್ಟೇಟಸ್ಸುಗಳಲ್ಲಿ ಎಷ್ಟು ದುಡ್ಡು ದಾರಿ ಸಿಗದೆ ಉಳಿದಿರಬೇಕು!

ಸಾಮಾಜಿಕ ಜಾಲತಾಣ ಬರುವ ಮುಂಚೆ ನಮ್ಮ ಮನೆಗಳಲ್ಲೇ ಇದಕ್ಕೊಂದು ಅಚ್ಚುಕಟ್ಟಾದ ಏರ್ಪಾಡಿತ್ತು: ಗ್ರೀಟಿಂಗ್ ಕಾರ್ಡು. 1949ರಲ್ಲಿ ಯುನಿಸೆಫ್ ತನ್ನ ಮೊದಲ ಕಾರ್ಡು ತಂದದ್ದು ಜೆಕೊಸ್ಲೊವಾಕಿಯಾದ ಏಳು ವರ್ಷದ ಹುಡುಗಿ ಬರೆದ ಚಿತ್ರದಿಂದ. ಯುದ್ಧದ ನಂತರ ತನ್ನ ಊರಿಗೆ ಬಂದ ನೆರವಿಗೆ ಧನ್ಯವಾದ ಹೇಳಲು ಅವಳು ಬರೆದ ಚಿತ್ರ ಅದು. ನಮ್ಮಲ್ಲಿ 1979ರಲ್ಲಿ ಮುಂಬೈಯ ರಿಪ್ಪನ್ ಕಪೂರ್ ಮತ್ತು ಆರು ಮಂದಿ ಗೆಳೆಯರು 50 ರೂಪಾಯಿ ಇಟ್ಟುಕೊಂಡು, ರಿಪ್ಪನ್ ಅವರ ತಾಯಿಯ ಊಟದ ಮೇಜಿನ ಸುತ್ತ ಕೂತು ಶುರುಮಾಡಿದ ‘ಕ್ರೈ’ ಸಂಸ್ಥೆ ಮನೆಮಾತಾದದ್ದೂ ಕಾರ್ಡುಗಳಿಂದಲೇ. ಹೊಸ ವರ್ಷಕ್ಕೆ ಕ್ರೈ ಕಾರ್ಡು ಕಳಿಸಿದವರು ನಾಲ್ಕು ಜನಕ್ಕೆ ತಮ್ಮ ಕಾಳಜಿ ತೋರಿಸಿಕೊಂಡರು ನಿಜ. ಆದರೆ ಕಾರ್ಡು ಕೊಂಡಾಗಲೇ ಅದರ ದುಡ್ಡು ಮಕ್ಕಳ ಕೆಲಸಕ್ಕೆ ಸಂದಾಯವಾಗಿರುತ್ತಿತ್ತು. ಕೊಟ್ಟದ್ದು ಮೊದಲು, ತೋರಿಸಿದ್ದು ಆಮೇಲೆ. ಡಿಪಿ ಈ ಕ್ರಮವನ್ನು ತಲೆಕೆಳಗು ಮಾಡಿತು, ಅಷ್ಟೆ.

ಈಗ ನಿಮ್ಮ ಇನ್ನೂರು ಜನರ ವಿಷಯ. ಇನ್ನೂರು ಸಣ್ಣ ಸಂಖ್ಯೆ ಅಂದುಕೊಳ್ಳಬೇಡಿ. ಒಬ್ಬೊಬ್ಬರು ತಿಂಗಳಿಗೆ 100 ರೂಪಾಯಿ ಕೊಟ್ಟರೆ ವರ್ಷಕ್ಕೆ 2,40,000 ರೂಪಾಯಿ. ಅರ್ಧ ಜನ ಮಾತ್ರ ಕೊಟ್ಟರೂ ಒಂದು ಸಣ್ಣ ಸಂಸ್ಥೆಗೆ ಅದು ದೊಡ್ಡ ಆಸರೆ.

ನವೆಂಬರ್ 14 ಬರುವವರೆಗೆ ಕಾಯಬೇಡಿ. ಅಕ್ಟೋಬರಿನಲ್ಲೇ, 2ರಿಂದ 8ರವರೆಗೆ ದೇಶದಾದ್ಯಂತ ‘ದಾನ್ ಉತ್ಸವ್’ ನಡೆಯುವ ಹೊತ್ತಿಗೆ, ನಿಮ್ಮಲ್ಲಿ ಇಬ್ಬರು ಮೂವರು ಕೂತು ಒಂದೇ ಒಂದು ಸಂಸ್ಥೆಯನ್ನು ಆರಿಸಿ. ಹತ್ತಿರದ್ದಾದರೆ ಒಳ್ಳೆಯದು, ಹೋಗಿ ನೋಡಬಹುದು. ಮಕ್ಕಳನ್ನು ಇರಿಸಿಕೊಂಡು ಸಾಕುವ ಸಂಸ್ಥೆಯಾದರೆ ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿದೆಯೇ ಎಂದು ಕೇಳಿ. ನೋಂದಣಿ ಕಡ್ಡಾಯ, ಕೇಳಿದರೆ ಯಾರೂ ಬೇಸರಿಸಬೇಕಾಗಿಲ್ಲ. ಕಳೆದ ವರ್ಷದ ಲೆಕ್ಕಪತ್ರ ಕೇಳಿ. ಆಮೇಲೆ ಮುಖ್ಯವಾದ ಪ್ರಶ್ನೆ: ನಿಮಗೆ ಏನು ಬೇಕು? ಇದನ್ನು ಬಹಳ ಜನ ಕೇಳುವುದಿಲ್ಲ. ಮಕ್ಕಳ ದಿನಾಚರಣೆಗೆ, ಹುಟ್ಟುಹಬ್ಬಕ್ಕೆ ಬಾಲಮಂದಿರಗಳಿಗೆ ಬಿಸ್ಕತ್ತು, ಸಿಹಿ, ಹಳೆ ಬಟ್ಟೆ ಹೊತ್ತು ಹೋಗುತ್ತಾರೆ. ಅವರಿಗೆ ಬೇಕಿರುವುದು ಅಡುಗೆಯವರ ಸಂಬಳವೋ, ಆಪ್ತಸಮಾಲೋಚಕರ ಗೌರವಧನವೋ, ಫೆಬ್ರವರಿಯ ಕರೆಂಟ್ ಬಿಲ್ಲೋ ಆಗಿರಬಹುದು. ಫೋಟೊಗೆ ಒಗ್ಗದ ಇಂಥ ಖರ್ಚುಗಳಿಗೇ ದುಡ್ಡು ಹುಟ್ಟುವುದಿಲ್ಲ.

ಸಿಕ್ಕ ಉತ್ತರವನ್ನು ಒಂದು ಮೊತ್ತಕ್ಕೆ ಇಳಿಸಿ. 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಕೊಡುವುದರಿಂದ ಶುರುವಾದ ಅಕ್ಷಯ ಪಾತ್ರ ಇಷ್ಟು ಬೆಳೆದದ್ದಕ್ಕೆ ಹಲವು ಕಾರಣಗಳಿವೆ. ಒಂದು ಮಗುವಿನ ಒಂದು ವರ್ಷದ ಊಟಕ್ಕೆ ಇಷ್ಟು ಎಂದು ಸ್ಪಷ್ಟವಾಗಿ ಕೇಳುವ ಅವರ ರೂಢಿಯೂ ಅದರಲ್ಲಿ ಒಂದು ಎಂದು ನನ್ನ ನಂಬಿಕೆ. ‘ಕೈಲಾದಷ್ಟು ಕೊಡಿ’ ಎಂದರೆ ಜನ ಎಷ್ಟು ಕೊಟ್ಟರೆ ಮರ್ಯಾದೆ ಎಂದು ಯೋಚಿಸುತ್ತಲೇ ಫೋನು ಕೆಳಗಿಡುತ್ತಾರೆ. ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ, 2007ರಲ್ಲಿ ಪ್ರಕಟವಾದದ್ದು. ಒಂದು ಸಮೀಕ್ಷೆಗೆ ಉತ್ತರಿಸಿದವರ ಕೈಗೆ ಒಂದು ಡಾಲರಿನ ಐದು ನೋಟು ಕೊಟ್ಟು, ಜೊತೆಗೆ ‘ಸೇವ್ ದಿ ಚಿಲ್ಡ್ರನ್’ ಸಂಸ್ಥೆಗೆ ಕೊಡಲು ಕೋರಿದ ಪತ್ರವನ್ನೂ ಕೊಟ್ಟರು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಹಾಕಿದರು. ಮಾಲಿ ದೇಶದ ಏಳು ವರ್ಷದ ಒಬ್ಬಳೇ ಹುಡುಗಿಯ ವಿಷಯ ಓದಿದವರು 2.38 ಡಾಲರ್. ಹುಡುಗಿಯ ವಿಷಯದ ಜೊತೆಗೆ ಅಂಕಿಅಂಶವನ್ನೂ ಓದಿದವರು 1.43 ಡಾಲರ್. ಲಕ್ಷಾಂತರ ಮಕ್ಕಳು ಎಂದೊಡನೆ ನಾವು ಕೊಟ್ಟದ್ದು ಎಲ್ಲಿ ಸಾಕಾದೀತು ಎನಿಸಿ ಕೈ ಹಿಂದೆ ಸರಿಯುತ್ತದೆ. ಆದ್ದರಿಂದ ನಿಮ್ಮ ಸಂದೇಶದಲ್ಲಿ ದೇಶದ ಅಂಕಿಅಂಶ ಬೇಡ. ‘ನಮ್ಮೂರಿನ ಈ ಮನೆಯಲ್ಲಿ ಇಷ್ಟು ಮಕ್ಕಳಿದ್ದಾರೆ, ಅವರ ಸಂಜೆಯ ಪಾಠದ ಶಿಕ್ಷಕಿಗೆ ತಿಂಗಳಿಗೆ ಇಷ್ಟು ಬೇಕು’ ಎಂದಷ್ಟೇ ಬರೆಯಿರಿ.

ಒಂದು ಮಗುವಿನ ಕಥೆ ಹೃದಯ ಮುಟ್ಟುತ್ತದೆ ಎಂದು ಮಗುವಿನ ಮುಖವನ್ನು ಮಾತ್ರ ಹಾಕಬೇಡಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ. ದೌರ್ಜನ್ಯಕ್ಕೆ ಒಳಗಾದ ಅಥವಾ ಪೋಷಣೆ ರಕ್ಷಣೆಯ ಅಗತ್ಯವಿರುವ ಮಗುವಿನ ಹೆಸರು, ಶಾಲೆ, ಚಿತ್ರ ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ. ಪೋಕ್ಸೊ ಕಾಯ್ದೆಯಲ್ಲೂ ಇಂಥದೇ ನಿಷೇಧವಿದೆ. ಕಾನೂನು ಹಾಗಿರಲಿ, ಆ ಮಗು ನಾಳೆ ಕಾಲೇಜಿಗೆ ಹೋಗುತ್ತದೆ, ಕೆಲಸ ಹುಡುಕುತ್ತದೆ. ನಮ್ಮ ವಾಟ್ಸ್‌ಆ್ಯಪ್ ಕರುಣೆ ಅದರ ಬೆನ್ನಿಗೆ ಅಂಟಿರಬಾರದು. ಮಕ್ಕಳು ಬರೆದ ಚಿತ್ರ, ಅವರು ಬೆಳೆಸಿದ ಕೈತೋಟ, ಹೊಸದಾಗಿ ಬಂದ ಪುಸ್ತಕದ ಕಪಾಟು ತೋರಿಸಿ, ಸಾಕು.

ಸಂದೇಶ ಹಾಕುವ ದಿನ, ಸಂಸ್ಥೆಯ ಯುಪಿಐ ಕ್ಯೂಆರ್ ಕೋಡು ಅದೇ ಸಂದೇಶದಲ್ಲಿರಲಿ. ‘ವಿವರ ಆಮೇಲೆ ಕಳಿಸುತ್ತೇನೆ’ ಎಂದರೆ ಮುಗಿಯಿತು. ಕೋಡನ್ನು ಸಂಸ್ಥೆಯವರಿಂದಲೇ ಪಡೆಯಿರಿ. ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದನ್ನು ಹಾಕಬೇಡಿ. ಸ್ಕ್ಯಾನ್ ಮಾಡಿದಾಗ ಪರದೆಯ ಮೇಲೆ ಬರುವ ಹೆಸರು ಸಂಸ್ಥೆಯದೇ ಆಗಿರಬೇಕು; ವ್ಯಕ್ತಿಯ ಹೆಸರು ಬಂದರೆ ನಿಲ್ಲಿಸಿ, ಫೋನು ಮಾಡಿ ವಿಚಾರಿಸಿ. ಮಗುವಿನ ಶಸ್ತ್ರಚಿಕಿತ್ಸೆಗೆ ನೆರವು ಕೋರುವ ಸಂದೇಶಗಳಿಗೂ ಇದೇ ಮಾತು: ಆಸ್ಪತ್ರೆಗೆ ಕರೆ ಮಾಡಿ ಖಚಿತಪಡಿಸಿಕೊಂಡು, ಸಾಧ್ಯವಾದರೆ ಆಸ್ಪತ್ರೆಯ ಖಾತೆಗೇ ಕಟ್ಟಿ.

ಕೇಳುವ ಮುಂಚೆ ಬಳಗದಲ್ಲಿ ಒಂದು ಪ್ರಶ್ನೆ ಹಾಕಿ ನೋಡಿ: ನಮ್ಮ ಹೈಸ್ಕೂಲು ದಿನಗಳಲ್ಲಿ ಯಾರು ನಿಮ್ಮ ಫೀಸು ಕಟ್ಟಿದರು, ಯಾರ ಮನೆಯಲ್ಲಿ ಊಟ ಮಾಡಿ ಓದಿದಿರಿ, ಪುಸ್ತಕ ಕೊಡಿಸಿದ ಮೇಷ್ಟ್ರು ಯಾರು? ವಾರಾನ್ನ ಉಂಡು, ಹಾಸ್ಟೆಲಿನಲ್ಲಿದ್ದು ಓದಿದವರ ನಾಡು ನಮ್ಮದು, ಉತ್ತರಗಳು ಬರುತ್ತವೆ. ಕೆನಡಾದ ಪ್ರಯೋಗ ಹೇಳಿದ್ದು ಇದನ್ನೇ. ತನ್ನ ಬದುಕಿಗೂ ಈ ಕೆಲಸಕ್ಕೂ ಇರುವ ನಂಟನ್ನು ಕಂಡುಕೊಂಡವರು ಡಿಪಿಗೆ ನಿಲ್ಲುವುದಿಲ್ಲ. ಆಮೇಲೆ, ಡಿಪಿ ಬದಲಿಸುವುದಕ್ಕೆ ಒಂದು ಒಪ್ಪಂದ ಮಾಡಿಕೊಳ್ಳಿ: ಕೊಟ್ಟವರು ಮಾತ್ರ ಬದಲಿಸುವುದು. ಮೊತ್ತ ಯಾರೂ ಹೇಳಬೇಕಿಲ್ಲ. ಕಷ್ಟದಲ್ಲಿರುವ ಗೆಳೆಯರು 10 ರೂಪಾಯಿ ಹಾಕಿದರೂ ಡಿಪಿ ಒಂದೇ. ಯಾರು ಕೊಟ್ಟಿಲ್ಲ ಎಂಬ ಪಟ್ಟಿಯನ್ನಂತೂ ಹಾಕಲೇಬೇಡಿ.

ಮೊದಲ ದಿನವೇ ತಿಂಗಳ ಕೊಡುಗೆಗೆ ಕೇಳಿ. ಯುಪಿಐ ಆಟೊಪೇ ಬಂದ ಮೇಲೆ ಇದು ಸುಲಭ. ಸಂಸ್ಥೆ ಆ ಏರ್ಪಾಡು ಮಾಡಿಕೊಂಡಿದ್ದರೆ ಒಮ್ಮೆ ಒಪ್ಪಿಗೆ ಕೊಟ್ಟರೆ ಸಾಕು. ಒಂದೇ ಸಲಕ್ಕೆ ಬರುವ 5,000 ರೂಪಾಯಿಗಿಂತ ತಪ್ಪದೆ ಬರುವ 100 ರೂಪಾಯಿಯನ್ನು ನಂಬಿ ಅವರು ಒಬ್ಬ ಶಿಕ್ಷಕಿಯನ್ನು ಇಟ್ಟುಕೊಳ್ಳಬಲ್ಲರು. ಮೂರು ತಿಂಗಳಿಗೊಮ್ಮೆ ಸಂಸ್ಥೆಯವರಿಂದ ನಾಲ್ಕು ಸಾಲು ಬರೆಸಿ ಬಳಗಕ್ಕೆ ಹಾಕುವ ಹೊಣೆ ಒಬ್ಬರು ಹೊರಲಿ.

ತೆರಿಗೆಯ ವಿಷಯ ಚಿಕ್ಕದಾಗಿ. ಸಂಸ್ಥೆಗೆ 80ಜಿ ಮಾನ್ಯತೆ ಇದ್ದು, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ವಿನಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಸಿಗದು. ಹೊರದೇಶದಲ್ಲಿರುವ ಸಹಪಾಠಿಗಳಿದ್ದರೆ ಒಂದು ಎಚ್ಚರಿಕೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಬ್ಯಾಂಕಿನ ಮೂಲಕ ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಅಲ್ಲಿನ ಪೌರತ್ವ ಪಡೆದವರು ಕೊಟ್ಟದ್ದು ಹಾಗೆ ಎನಿಸುತ್ತದೆ, ಅವರ ಬಳಿ ಒಸಿಐ ಕಾರ್ಡು ಇದ್ದರೂ. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಸಣ್ಣ ಸಂಸ್ಥೆ ಅಂಥ ಹಣ ತೆಗೆದುಕೊಂಡರೆ ತೊಂದರೆಗೆ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಮೆರಿಕದ ಗೆಳೆಯರಿಗೆ ಕ್ಯೂಆರ್ ಕಳಿಸುವ ಮುಂಚೆ ಸಂಸ್ಥೆಯವರನ್ನು ಕೇಳಿ.

ನಿಮ್ಮ ಕೊನೆಯ ಪ್ರಶ್ನೆ ಉಳಿಯಿತು: ಪೋಸ್ಟುಗಳನ್ನೇ ಬಿಟ್ಟುಬಿಡಬೇಕೇ? ಬೇಡ. ದುಡ್ಡಿಲ್ಲದೆಯೂ ಒಂದು ಪೋಸ್ಟು ಕೆಲಸ ಮಾಡಬಲ್ಲದು, ಅದರಲ್ಲಿ ಕೆಲಸಕ್ಕೆ ಬರುವ ಮಾಹಿತಿ ಇದ್ದರೆ. 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ 1098 ಇಂದು ದೇಶದಾದ್ಯಂತ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ. ಮಗುವೇ ಮಾಡಬಹುದು, ಮಗುವಿನ ಪರವಾಗಿ ಯಾರು ಬೇಕಾದರೂ ಮಾಡಬಹುದು. ಮುಂದಿನ ನವೆಂಬರಿನಲ್ಲಿ ನಿಮ್ಮ ಇನ್ನೂರು ಡಿಪಿಗಳ ಮೇಲೂ ಈ ನಾಲ್ಕು ಅಂಕಿಗಳನ್ನು ದೊಡ್ಡದಾಗಿ ಬರೆಸಿ. ಪಕ್ಕದ ಮನೆಯಲ್ಲಿ ಕೆಲಸಕ್ಕಿಟ್ಟುಕೊಂಡ ಹನ್ನೊಂದು ವರ್ಷದ ಹುಡುಗಿಯನ್ನು ದಿನವೂ ನೋಡುತ್ತ, ಯಾರಿಗೆ ಹೇಳಬೇಕೆಂದು ತಿಳಿಯದೆ ಸುಮ್ಮನಿರುವವರು ನಿಮ್ಮ ಸಂಪರ್ಕದ ಪಟ್ಟಿಯಲ್ಲಿ ಖಂಡಿತ ಇದ್ದಾರೆ.